ಒಂದು ಪ್ರಾಣಿ ಕಾರ್ಡೇಟಾ ವಂಶದ್ದೋ ಅಲ್ಲವೋ, ಹೌದಾದರೆ ಯಾವ ವರ್ಗದ್ದು: ಗುರುತಿಸುವುದು ಹೇಗೆ?

ತಿಮಿಂಗಿಲ ಮೀನಲ್ಲ, ಬಾವಲಿ ಹಕ್ಕಿಯಲ್ಲ. ಇದು ಎಲ್ಲರಿಗೂ ಗೊತ್ತು. ಯಾಕೆ ಅಲ್ಲ ಅಂತ ಕೇಳಿ ನೋಡಿ, "ಮರಿ ಹಾಕುತ್ತವಲ್ಲ, ಅದಕ್ಕೆ" ಅನ್ನುವ ಉತ್ತರ ಬರುತ್ತದೆ. ಆದರೆ ಮರಿ ಹಾಕುವ ಶಾರ್ಕ್‌ಗಳಿವೆ. ಮರಿ ಹಾಕುವ ಹಾವುಗಳಿವೆ. ಮೊಟ್ಟೆ ಇಡುವ ಸಸ್ತನಿಗಳೂ ಇವೆ. ಹಾಗಾಗಿ ಮರಿ ಹಾಕುವುದನ್ನು ನಂಬಿ ವರ್ಗ ಹೇಳಲು ಹೋದರೆ ಕೆಲಸ ಕೆಡುತ್ತದೆ.

ಬೆನ್ನುಮೂಳೆ ಇರುವ ಪ್ರಾಣಿಗಳೂ ಅವುಗಳ ಹತ್ತಿರದ ಕೆಲವು ನೆಂಟರೂ ಸೇರಿದ ವಂಶವೇ ಕಾರ್ಡೇಟಾ. ಈ ಪಾಠವನ್ನು ಬಹಳ ಜನ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ಒಂದೊಂದು ವರ್ಗಕ್ಕೆ ಎಂಟು ಹತ್ತು ಲಕ್ಷಣ, ಕೆಳಗೆ ನಾಲ್ಕು ಉದಾಹರಣೆ. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ, ಯಾಕೆಂದರೆ ಯಾವ ಲಕ್ಷಣಕ್ಕೆ ತೂಕ ಜಾಸ್ತಿ, ಯಾವುದನ್ನು ಮೊದಲು ನೋಡಬೇಕು ಅನ್ನುವುದು ಪಟ್ಟಿಯಲ್ಲಿ ಕಾಣುವುದಿಲ್ಲ. ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳುವುದನ್ನು ಕಲಿತರೆ, ಹೆಸರೇ ಕೇಳಿರದ ಪ್ರಾಣಿಯನ್ನೂ ಅದರ ಜಾಗಕ್ಕೆ ತಂದು ಕೂರಿಸಬಹುದು. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು ಒಂದು ನಿಯಮ. ಪ್ರಾಣಿ ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ನೋಡಲು ಯಾವುದರ ಹಾಗಿದೆ ಅನ್ನುವುದನ್ನು ಪಕ್ಕಕ್ಕಿಡಿ. ಮೈ ಒಳಗಿನಿಂದ ಹೇಗೆ ಕಟ್ಟಿಕೊಂಡಿದೆ ಅಂತ ನೋಡಿ. ದೊಡ್ಡದಾದ ಮೇಲಿನ ರೂಪವನ್ನಷ್ಟೇ ನೋಡಿದರೆ ಸಾಲದು, ಭ್ರೂಣದಿಂದ ಹಿಡಿದು ಇಡೀ ಬದುಕನ್ನು ನೋಡಿ.

ಮೊದಲ ಪ್ರಶ್ನೆ: ಇದು ಕಾರ್ಡೇಟಾನಾ?

ಇದಕ್ಕೆ ನಾಲ್ಕು ಗುರುತು ಹುಡುಕಬೇಕು. ನಾಲ್ಕೂ ಬದುಕಿನ ಯಾವುದಾದರೂ ಒಂದು ಹಂತದಲ್ಲಿ ಕಂಡರೆ ಸಾಕು, ಕೊನೆಯವರೆಗೂ ಇರಬೇಕು ಅಂತೇನಿಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಅರ್ಧ ಗೊಂದಲ ಇಲ್ಲೇ ಕರಗುತ್ತದೆ.

ಒಂದನೆಯದು ನೋಟೋಕಾರ್ಡ್. ಬೆನ್ನಿನ ಉದ್ದಕ್ಕೂ, ಜೀರ್ಣನಾಳದ ಮೇಲೆ ಮತ್ತು ನರಹುರಿಯ ಕೆಳಗೆ ಇರುವ ಒಂದು ಸರಳು ಇದು. ಒಳಗೆ ದ್ರವ ತುಂಬಿದ ಜೀವಕೋಶಗಳು, ಸುತ್ತ ಗಟ್ಟಿ ಪೊರೆ. ನೀರು ತುಂಬಿ ಎರಡೂ ತುದಿ ಬಿಗಿದ ರಬ್ಬರ್ ಪೈಪಿನ ಹಾಗೆ ಬಾಗುತ್ತದೆ, ಆದರೆ ಕುಗ್ಗುವುದಿಲ್ಲ. ಆ ಕುಗ್ಗದಿರುವ ಗುಣದಲ್ಲೇ ಅದರ ಪ್ರಯೋಜನವೆಲ್ಲ ಇದೆ. ಒಂದು ಪಕ್ಕದ ಸ್ನಾಯು ಎಳೆದಾಗ ಮೈ ಗಿಡ್ಡವಾಗುವ ಬದಲು ಆ ಕಡೆಗೆ ಬಾಗುತ್ತದೆ, ಮತ್ತೊಂದು ಪಕ್ಕ ಎಳೆದಾಗ ಇತ್ತ ಬಾಗುತ್ತದೆ, ಹೀಗೆ ಅತ್ತಿತ್ತ ಬಳುಕುತ್ತಾ ನೀರಿನಲ್ಲಿ ಮುಂದೆ ಸಾಗಬಹುದು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಇದು ಭ್ರೂಣದಲ್ಲಿ ಬರುತ್ತದೆ, ಆಮೇಲೆ ಇದರ ಸುತ್ತ ಕಶೇರುಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು, ಬೆಳೆದು ಇದರ ಜಾಗ ಹಿಡಿಯುತ್ತವೆ. ನಮ್ಮ ಬೆನ್ನುಮೂಳೆಯ ಡಿಸ್ಕ್‌ಗಳ ಒಳಗೆ ಇರುವ ಮೆತ್ತನೆಯ ತಿರುಳು ಈ ನೋಟೋಕಾರ್ಡಿನಿಂದಲೇ ಬಂದದ್ದು.

ಎರಡನೆಯದು ಬೆನ್ನಿನ ಕಡೆ ಇರುವ ಟೊಳ್ಳು ನರಹುರಿ. ಇಲ್ಲಿ "ಬೆನ್ನಿನ ಕಡೆ" ಮತ್ತು "ಟೊಳ್ಳು" ಎರಡೂ ಮುಖ್ಯ. ಎರೆಹುಳಕ್ಕೂ ಜಿರಳೆಗೂ ನರಹುರಿ ಇದೆ, ಆದರೆ ಅದು ಹೊಟ್ಟೆಯ ಕಡೆ ಇದೆ, ಗಂಟುಗಂಟಾಗಿದೆ, ಒಳಗೆ ಟೊಳ್ಳಿಲ್ಲ. ಕಾರ್ಡೇಟ್‌ಗಳ ಭ್ರೂಣದಲ್ಲಿ ಬೆನ್ನ ಮೇಲಿನ ಪದರ ಒಳಕ್ಕೆ ಮಡಚಿ ಕೊಳವೆಯಾಗುತ್ತದೆ. ಕೊಳವೆಯ ಮುಂತುದಿ ಉಬ್ಬಿ ಮಿದುಳಾಗುತ್ತದೆ. ನಮ್ಮ ಮಿದುಳಿನ ಒಳಗಿನ ದ್ರವ ತುಂಬಿದ ಕುಹರಗಳು ಆ ಹಳೆಯ ಟೊಳ್ಳೇ.

ಮೂರನೆಯದು ಗಂಟಲಿನ ಸೀಳುಗಳು. ಬಾಯಿಯ ಹಿಂದಿನ ಭಾಗದಲ್ಲಿ, ಎರಡೂ ಪಕ್ಕದಲ್ಲಿ ಸಾಲಾಗಿ ಇರುತ್ತವೆ. ಇವನ್ನು ಸುಮ್ನೆ ಕಿವಿರು ಅಂದುಬಿಡಬೇಡಿ. ಆರಂಭದ ಕಾರ್ಡೇಟ್‌ಗಳಲ್ಲಿ ಇವುಗಳ ಮುಖ್ಯ ಕೆಲಸ ಉಸಿರಾಟವಲ್ಲ, ನೀರನ್ನು ಸೋಸಿ ಸಣ್ಣ ಆಹಾರ ಕಣಗಳನ್ನು ಹಿಡಿಯುವುದು. ಮೀನುಗಳಲ್ಲಿ ಇಲ್ಲಿ ಕಿವಿರು ಬೆಳೆಯಿತು. ಮನುಷ್ಯನ ಭ್ರೂಣದಲ್ಲಿ ಇವು ಪೂರ್ತಿ ತೆರೆದುಕೊಳ್ಳುವುದೇ ಇಲ್ಲ, ಚೀಲದ ಹಾಗೆ ಕಾಣಿಸಿಕೊಂಡು ಬೇರೆ ಬೇರೆ ಅಂಗಗಳಾಗುತ್ತವೆ. ಮೊದಲ ಜೋಡಿ ಚೀಲ ನಡುಕಿವಿಯ ಕುಹರವೂ ಕಿವಿಯಿಂದ ಗಂಟಲಿಗೆ ಹೋಗುವ ನಾಳವೂ ಆಗುತ್ತದೆ. ನೆಗಡಿಯಾದಾಗ ಕಿವಿ ಕಟ್ಟುತ್ತದಲ್ಲ, ಆ ನಾಳ ಇದೇ. ಎರಡನೆಯ ಜೋಡಿಯಿಂದ ಟಾನ್ಸಿಲ್ ಇರುವ ಜಾಗ, ಮೂರು ಮತ್ತು ನಾಲ್ಕನೆಯದರಿಂದ ಥೈಮಸ್ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗಳು.

ನಾಲ್ಕನೆಯದು ಗುದದ್ವಾರದ ಹಿಂದಕ್ಕೆ ಚಾಚಿದ ಬಾಲ. ಎರೆಹುಳದಲ್ಲಿ ಗುದದ್ವಾರ ಮೈಯ ಕಟ್ಟಕಡೆಗಿದೆ, ಅಲ್ಲಿಗೆ ಮೈ ಮುಗಿಯಿತು. ಮೀನಿನಲ್ಲಿ, ಹಲ್ಲಿಯಲ್ಲಿ ಗುದದ್ವಾರ ದಾಟಿದ ಮೇಲೂ ಸ್ನಾಯು ಮತ್ತು ಮೂಳೆ ಇರುವ ಬಾಲ ಮುಂದುವರಿಯುತ್ತದೆ. ಮನುಷ್ಯನಿಗೂ ಭ್ರೂಣದಲ್ಲಿ ಬಾಲ ಇರುತ್ತದೆ, ಎಂಟನೆಯ ವಾರದ ಹೊತ್ತಿಗೆ ಅದು ಕರಗಿ ಬೆನ್ನುಮೂಳೆಯ ತುದಿಯ ಚಿಕ್ಕ ಮೂಳೆಯಷ್ಟೇ ಉಳಿಯುತ್ತದೆ.

ಇವುಗಳ ಜೊತೆಗೆ ಈಗ ಐದನೆಯ ಗುರುತನ್ನೂ ಸೇರಿಸುತ್ತಾರೆ. ಗಂಟಲಿನ ತಳದಲ್ಲಿರುವ ಎಂಡೋಸ್ಟೈಲ್ ಅನ್ನುವ ಕಾಲುವೆ. ಇದು ಲೋಳೆ ಸುರಿಸಿ ಆಹಾರ ಕಣಗಳನ್ನು ಅಂಟಿಸಿಕೊಳ್ಳುತ್ತದೆ, ಅಯೋಡಿನ್ನನ್ನೂ ಹೀರಿಕೊಳ್ಳುತ್ತದೆ. ನಮ್ಮ ಥೈರಾಯ್ಡ್ ಗ್ರಂಥಿ ಇದರ ವಂಶಜ. ಇದಕ್ಕೆ ಪುರಾವೆ ಕಣ್ಣೆದುರೇ ಇದೆ: ಲ್ಯಾಂಪ್ರೇ ಅನ್ನುವ ದವಡೆಯಿಲ್ಲದ ಪ್ರಾಣಿಯ ಮರಿಯಲ್ಲಿ ಎಂಡೋಸ್ಟೈಲ್ ಇರುತ್ತದೆ, ಅದೇ ಮರಿ ದೊಡ್ಡದಾಗುವಾಗ ಆ ಅಂಗವೇ ಥೈರಾಯ್ಡ್ ಆಗಿ ಬದಲಾಗುತ್ತದೆ. ಇಡೀ ಪಾಠದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಮೈ ಎಡಬಲ ಸಮನಾಗಿರುವುದು, ಭ್ರೂಣದಲ್ಲಿ ಮೂರು ಪದರ ಇರುವುದು, ಮೈಗೋಡೆ ಮತ್ತು ಕರುಳಿನ ನಡುವೆ ದೇಹಾವಕಾಶ ಅನ್ನುವ ಟೊಳ್ಳು ಇರುವುದು, ಇವೆಲ್ಲ ಕಾರ್ಡೇಟ್‌ಗಳ ಲಕ್ಷಣ ಅಂತ ಪುಸ್ತಕಗಳಲ್ಲಿ ಇರುತ್ತದೆ. ಸರಿಯೇ. ಆದರೆ ಎರೆಹುಳಕ್ಕೂ ಈ ಮೂರೂ ಇವೆ. ಇವನ್ನು ವಿವರಣೆಯಲ್ಲಿ ಬರೆಯಿರಿ, ಗುರುತು ಹಿಡಿಯಲು ಬಳಸಬೇಡಿ. ಇನ್ನೊಂದು ವಿಷಯ ಹೇಳಲೇಬೇಕು. ಭ್ರೂಣದಲ್ಲಿ ಮೊದಲು ಆಗುವ ರಂಧ್ರದ ಕಡೆ ಗುದದ್ವಾರ ಬಂದು ಬಾಯಿ ಬೇರೆ ಕಡೆ ತೆರೆಯುವ ಗುಂಪಿಗೆ ಕಾರ್ಡೇಟ್‌ಗಳು ಸೇರಿವೆ, ನಕ್ಷತ್ರಮೀನೂ ಅದೇ ಗುಂಪಿನದು. ಹಾಗಾಗಿ ಜಿರಳೆ, ಆಕ್ಟೋಪಸ್‌ಗಳಿಗಿಂತ ನಕ್ಷತ್ರಮೀನೇ ನಮಗೆ ಹತ್ತಿರದ ನೆಂಟ. ಆದರೂ ಅದು ಕಾರ್ಡೇಟ್ ಅಲ್ಲ, ಮೇಲಿನ ನಾಲ್ಕು ಗುರುತು ಅದರಲ್ಲಿ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಬೆಲನೋಗ್ಲಾಸಸ್ ಅನ್ನುವ ಹುಳುವಿನಂಥ ಕಡಲ ಪ್ರಾಣಿಯನ್ನು ಕಾರ್ಡೇಟಾದ ಒಳಗೇ ಇಟ್ಟಿರುತ್ತಾರೆ. ಅದಕ್ಕೆ ಗಂಟಲಿನ ಸೀಳುಗಳಿವೆ, ನಿಜ. ಆದರೆ ನೋಟೋಕಾರ್ಡ್ ಅಂತ ಅಂದುಕೊಂಡಿದ್ದು ಬಾಯಿಯ ಕುಹರದಿಂದ ಚಾಚಿದ ಒಂದು ಚಿಕ್ಕ ಭಾಗ ಅಷ್ಟೇ. ಈಗ ಅದನ್ನು ಹೆಮಿಕಾರ್ಡೇಟಾ ಅನ್ನುವ ಬೇರೆ ವಂಶದಲ್ಲಿ ಇಡುತ್ತಾರೆ.

ಎರಡನೆಯ ಪ್ರಶ್ನೆ: ನೋಟೋಕಾರ್ಡ್ ಎಲ್ಲಿದೆ, ಎಲ್ಲಿಯವರೆಗೆ ಉಳಿಯುತ್ತದೆ?

ಉಪವಂಶ ಗೊತ್ತಾಗಲು ಇದೊಂದೇ ಪ್ರಶ್ನೆ ಸಾಕು.

ಮರಿಯ ಬಾಲದಲ್ಲಿ ಮಾತ್ರ ಇದ್ದರೆ ಅದು ಯೂರೋಕಾರ್ಡೇಟಾ. ಟ್ಯುನಿಕೇಟಾ ಅಂತಲೂ ಕರೆಯುತ್ತಾರೆ. ಆಸಿಡಿಯಾ, ಸಾಲ್ಪಾ, ಡೋಲಿಯೋಲಂ ಇದರ ಉದಾಹರಣೆಗಳು, ಸುಮಾರು 3000 ಪ್ರಭೇದಗಳು ಗೊತ್ತಿವೆ, ಎಲ್ಲವೂ ಕಡಲಿನವು. ದೊಡ್ಡ ಆಸಿಡಿಯಾ ಬಂಡೆಗೆ ಅಂಟಿಕೊಂಡ ಮೆತ್ತನೆಯ ಚೀಲ. ಎರಡು ರಂಧ್ರ: ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ತಲೆಯಿಲ್ಲ, ಬಾಲವಿಲ್ಲ, ಓಡಾಟವಿಲ್ಲ. ಇದನ್ನು ನೋಡಿ ನಮ್ಮ ವಂಶದ್ದು ಅಂತ ಯಾರು ಹೇಳುತ್ತಾರೆ? ಹಿಂದಿನವರು ಇದನ್ನು ಮೃದ್ವಂಗಿಗಳ ಜೊತೆ ಸೇರಿಸಿದ್ದರು. 1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಇದರ ಮರಿಯನ್ನು ಸೂಕ್ಷ್ಮವಾಗಿ ಗಮನಿಸಿ ಬರೆದ ಮೇಲೆ ಚಿತ್ರವೇ ಬದಲಾಯಿತು. ಮರಿ ಗೊದಮೊಟ್ಟೆಯ ರೂಪದಲ್ಲಿ ಈಜುತ್ತದೆ, ಬಾಲದಲ್ಲಿ ನೋಟೋಕಾರ್ಡ್ ಇದೆ, ಬೆನ್ನಿನ ಕಡೆ ಟೊಳ್ಳು ನರಹುರಿ ಇದೆ. ಜಾಗ ಸಿಕ್ಕಿದ ಮೇಲೆ ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಂಡು ಬಾಲವನ್ನೂ ನೋಟೋಕಾರ್ಡನ್ನೂ ಕರಗಿಸಿಕೊಂಡುಬಿಡುತ್ತದೆ. ಬೆಳೆಯುತ್ತಾ ಹೋದಂತೆ ಸರಳವಾಗುವ ಇಂಥ ಬದಲಾವಣೆಗೆ ಹಿಮ್ಮುಖ ರೂಪಪರಿವರ್ತನೆ ಅನ್ನುತ್ತಾರೆ. ಸಸ್ಯಗಳಲ್ಲಿರುವ ಸೆಲ್ಯುಲೋಸ್ ಇದರ ಹೊದಿಕೆಯಲ್ಲಿದೆ, ಪ್ರಾಣಿಗಳಲ್ಲಿ ಇದು ಬಹಳ ಅಪರೂಪ. ಹೃದಯ ಸ್ವಲ್ಪ ಹೊತ್ತು ಒಂದು ದಿಕ್ಕಿಗೆ ರಕ್ತ ತಳ್ಳಿ, ನಿಂತು, ಆಮೇಲೆ ಎದುರು ದಿಕ್ಕಿಗೆ ತಳ್ಳುತ್ತದೆ. ಮೊದಲು ಹೇಳಿದ ನಿಯಮ, ಇಡೀ ಬದುಕನ್ನು ನೋಡಿ ಅನ್ನುವುದು, ಈ ಒಂದು ಪ್ರಾಣಿಗಾಗಿಯೇ ಹುಟ್ಟಿದ ಹಾಗಿದೆ. ಅಪವಾದ ಒಂದಿದೆ: ಓಯಿಕೋಪ್ಲೂರಾದಂಥ ಕೆಲವು ಟ್ಯುನಿಕೇಟ್‌ಗಳು ಬಾಲ ಮತ್ತು ನೋಟೋಕಾರ್ಡನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತವೆ.

ನೋಟೋಕಾರ್ಡ್ ಬಾಲದ ತುದಿಯಿಂದ ಮೂತಿಯ ತುದಿಯವರೆಗೆ ಚಾಚಿದ್ದು, ಬದುಕಿನುದ್ದಕ್ಕೂ ಉಳಿದರೆ ಅದು ಸೆಫಲೋಕಾರ್ಡೇಟಾ. ಬ್ರಾಂಕಿಯೋಸ್ಟೋಮಾ, ಅಂದರೆ ಆಂಫಿಯಾಕ್ಸಸ್, ಇಲ್ಲಿನ ಹೆಸರುವಾಸಿ ಪ್ರಾಣಿ. ಐದಾರು ಸೆಂಟಿಮೀಟರ್ ಉದ್ದ, ಎರಡೂ ತುದಿ ಚೂಪು, ಮೈ ಅರೆಪಾರದರ್ಶಕ, ಮರಳಿನಲ್ಲಿ ಹುದುಗಿಕೊಂಡು ಬಾಯಿಯನ್ನಷ್ಟೇ ಹೊರಗಿಟ್ಟು ನೀರು ಸೋಸುತ್ತದೆ. ಗುಂಪಿನಲ್ಲಿ ಒಟ್ಟು ಮೂವತ್ತರ ಆಸುಪಾಸು ಪ್ರಭೇದ ಅಷ್ಟೇ. 1774ರಲ್ಲಿ ಪೀಟರ್ ಪಲ್ಲಾಸ್ ಇದನ್ನು ಮೊದಲು ವಿವರಿಸಿದಾಗ ಚಿಪ್ಪಿಲ್ಲದ ಬಸವನಹುಳು ಅಂದುಕೊಂಡಿದ್ದರು. ಆದರೆ ನಾಲ್ಕು ಗುರುತುಗಳೂ ಒಂದೇ ಮೈಯಲ್ಲಿ, ಒಂದೇ ಸಲ, ದೊಡ್ಡದಾದ ಮೇಲೂ ಕಾಣಬೇಕೆಂದರೆ ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಪ್ರಯೋಗಾಲಯದಲ್ಲಿ ಇದರ ಅಡ್ಡಛೇದದ ಸ್ಲೈಡ್ ಸಿಕ್ಕರೆ ಬಿಡಬೇಡಿ. ಮೇಲಿನಿಂದ ಕೆಳಕ್ಕೆ ನರಹುರಿ, ನೋಟೋಕಾರ್ಡ್, ಗಂಟಲು ಅನ್ನುವ ಕ್ರಮ ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

ನೋಡಲು ಮೀನಿನ ಹಾಗಿರುವುದರಿಂದ ಆಂಫಿಯಾಕ್ಸಸ್ಸೇ ನಮಗೆ ಹತ್ತಿರ ಅಂತ ಬಹಳ ಕಾಲ ನಂಬಿದ್ದರು. 2006ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಬೆನ್ನುಮೂಳೆ ಪ್ರಾಣಿಗಳಿಗೆ ಹತ್ತಿರದ ನೆಂಟರು ಟ್ಯುನಿಕೇಟ್‌ಗಳು ಅಂತ ಗೊತ್ತಾಯಿತು. ಹೊರರೂಪ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ.

ನೋಟೋಕಾರ್ಡಿನ ಜಾಗವನ್ನು ಕಶೇರುಗಳು ಹಿಡಿದಿದ್ದರೆ, ಮಿದುಳನ್ನು ತಲೆಬುರುಡೆ ಕಾಯುತ್ತಿದ್ದರೆ, ಅದು ವರ್ಟಿಬ್ರೇಟಾ, ಅಂದರೆ ಕಶೇರುಕ. ಎಲ್ಲ ಕಶೇರುಕಗಳೂ ಕಾರ್ಡೇಟ್‌ಗಳೇ, ಆದರೆ ಎಲ್ಲ ಕಾರ್ಡೇಟ್‌ಗಳೂ ಕಶೇರುಕಗಳಲ್ಲ ಅನ್ನುವ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಆಸಿಡಿಯಾ ಮತ್ತು ಆಂಫಿಯಾಕ್ಸಸ್ ಎರಡನ್ನೂ ಹೆಸರಿಸಿ ಉತ್ತರಿಸಿ. ಇವೆರಡೂ ಕಾರ್ಡೇಟ್‌ಗಳು, ಆದರೆ ಬೆನ್ನುಮೂಳೆ ಇಲ್ಲ.

ಮೂರನೆಯ ಪ್ರಶ್ನೆ: ದವಡೆ ಇದೆಯಾ?

ಇಲ್ಲ ಅಂದರೆ ಸೈಕ್ಲೋಸ್ಟೊಮೇಟಾ. ಬದುಕಿರುವುದು ಎರಡೇ ಗುಂಪು: ಲ್ಯಾಂಪ್ರೇ ಮತ್ತು ಹ್ಯಾಗ್‌ಫಿಶ್. ಉದ್ದನೆಯ ಮೈ, ಹುರುಪೆಯಿಲ್ಲ, ಜೋಡಿ ಈಜುರೆಕ್ಕೆಯಿಲ್ಲ. ಲ್ಯಾಂಪ್ರೇಗೆ ದುಂಡನೆಯ ಹೀರುಬಾಯಿ, ಅದರ ತುಂಬಾ ಕೊಂಬಿನಂಥ ಹಲ್ಲುಗಳು, ಪಕ್ಕದಲ್ಲಿ ಏಳು ಜೋಡಿ ಕಿವಿರು ರಂಧ್ರ. ಹಲವು ಬಗೆಯವು ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಕಡಲಿನ ಲ್ಯಾಂಪ್ರೇ ಮೊಟ್ಟೆ ಇಡಲು ಸಿಹಿನೀರಿಗೆ ಬಂದು, ಇಟ್ಟ ಮೇಲೆ ಸಾಯುತ್ತದೆ. ಹ್ಯಾಗ್‌ಫಿಶ್‌ಗೆ ತಲೆಬುರುಡೆ ಇದೆ, ಆದರೆ ಕಶೇರುಗಳು ಬರೀ ಕುರುಹಿನಷ್ಟು. ನೋಟೋಕಾರ್ಡ್ ಜೀವನಪೂರ್ತಿ ಉಳಿಯುತ್ತದೆ. ಅದಕ್ಕೇ ಕೆಲವರು ಕಶೇರುಕ ಅನ್ನುವ ಬದಲು ತಲೆಬುರುಡೆ ಇರುವ ಪ್ರಾಣಿಗಳು ಅಂತ, ಕ್ರೇನಿಯೇಟಾ ಅನ್ನುವ ಹೆಸರು ಬಳಸುತ್ತಾರೆ.

ದವಡೆ ಇದ್ದರೆ ನ್ಯಾಥೊಸ್ಟೊಮೇಟಾ. ನಾವು ದಿನವೂ ನೋಡುವ ಕಶೇರುಕಗಳೆಲ್ಲ ಇಲ್ಲೇ ಬರುತ್ತವೆ. ಮುಂದಿನ ಕವಲು ಈಜುರೆಕ್ಕೆಯೋ ನಾಲ್ಕು ಕಾಲೋ ಅನ್ನುವುದು.

ಈಜುರೆಕ್ಕೆ ಇರುವವು

ಮೀನುಗಳಲ್ಲಿ ಎರಡು ವರ್ಗ: ಅಸ್ಥಿಪಂಜರ ಮೃದ್ವಸ್ಥಿಯಿಂದ, ಅಂದರೆ ಬಾಗುವ ಮೆತ್ತನೆಯ ಎಲುಬಿನಿಂದ, ಆದವು ಮತ್ತು ಗಟ್ಟಿ ಮೂಳೆಯಿಂದ ಆದವು. ಅಸ್ಥಿಪಂಜರ ಮುಟ್ಟಿ ನೋಡಲು ಆಗದಿದ್ದರೆ ಕಿವಿರನ್ನು ನೋಡಿ. ಐದರಿಂದ ಏಳು ಸೀಳುಗಳು ಮುಚ್ಚಳವಿಲ್ಲದೆ ಹೊರಗೇ ಕಂಡರೆ ಮೃದ್ವಸ್ಥಿ ಮೀನು, ಕಾಂಡ್ರಿಕ್ತಿಸ್ ವರ್ಗ: ಶಾರ್ಕ್, ತೊರಕೆ, ಗರಗಸ ಮೀನು. ಕಿವಿರಿನ ಮೇಲೆ ಒಂದು ಗಟ್ಟಿ ಮುಚ್ಚಳ ತೆರೆದು ಮುಚ್ಚುತ್ತಿದ್ದರೆ ಮೂಳೆ ಮೀನು, ಆಸ್ಟಿಕ್ತಿಸ್ ವರ್ಗ. ಬಾಯಿ ಮೂತಿಯ ಕೆಳಗಿದೆಯೋ ತುದಿಯಲ್ಲಿದೆಯೋ ಅನ್ನುವುದು ಎರಡನೆಯ ಸಾಕ್ಷಿ, ಶಾರ್ಕ್‌ಗಳಲ್ಲಿ ಹೆಚ್ಚಾಗಿ ಕೆಳಗಿರುತ್ತದೆ. ಶಾರ್ಕಿನ ಹುರುಪೆ ವಿಶೇಷವಾದದ್ದು, ಅದರ ಕಟ್ಟಡ ಹಲ್ಲಿನದೇ: ಒಳಗೆ ತಿರುಳು, ಸುತ್ತ ಡೆಂಟಿನ್ ಅನ್ನುವ ಗಟ್ಟಿ ವಸ್ತು. ಬಾಲದಿಂದ ತಲೆಯ ಕಡೆಗೆ ಕೈ ಎಳೆದರೆ ಮರಳುಕಾಗದ ಮುಟ್ಟಿದಷ್ಟು ಒರಟು. ಶಾರ್ಕ್‌ಗಳಿಗೆ ಗಾಳಿಚೀಲ ಇಲ್ಲ, ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ತೇಲಲು ಸ್ವಲ್ಪ ನೆರವಾಗುತ್ತದೆ, ಆದರೂ ಹೆಚ್ಚಿನವು ಈಜುವುದು ನಿಲ್ಲಿಸಿದರೆ ಮುಳುಗುತ್ತವೆ. ಬಹುಪಾಲು ಮೂಳೆ ಮೀನುಗಳಿಗೆ ಗಾಳಿಚೀಲ ಇರುವುದರಿಂದ ಒಂದೇ ಕಡೆ ನಿಲ್ಲಬಲ್ಲವು.

ಮೂಳೆ ಮೀನುಗಳಲ್ಲಿ ಒಂದು ಪುಟ್ಟ ಗುಂಪಿಗೆ ಈಜುರೆಕ್ಕೆಯ ಬುಡದಲ್ಲಿ ದಪ್ಪ ಮಾಂಸ, ಒಳಗೆ ಮೂಳೆ ಇದೆ. ಶ್ವಾಸಕೋಶ ಮೀನುಗಳು ಮತ್ತು ಸೀಲಕ್ಯಾಂತ್. ಸೀಲಕ್ಯಾಂತ್ ಡೈನೋಸಾರ್ ಕಾಲದಲ್ಲೇ ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಮೀನುಗಾರರ ಬಲೆಗೆ ಬಿದ್ದ ಒಂದನ್ನು ವಸ್ತುಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಗುರುತಿಸಿ ಕಾಪಾಡಿದರು, ಅವರ ಹೆಸರಿನಿಂದಲೇ ಅದು ಲ್ಯಾಟಿಮೇರಿಯಾ ಆಯಿತು. ನಾಲ್ಕು ಕಾಲಿನ ಪ್ರಾಣಿಗಳೆಲ್ಲ ಇಂಥ ಮಾಂಸದ ಈಜುರೆಕ್ಕೆಯ ಮೀನುಗಳಿಂದಲೇ ಬಂದವು.

ನಾಲ್ಕು ಕಾಲಿನವು

ಇಲ್ಲಿ ಕಾಲು ಎಣಿಸಬೇಡಿ. ಹಾವಿಗೆ ಕಾಲಿಲ್ಲ, ಹಕ್ಕಿಗೆ ಎರಡು, ತಿಮಿಂಗಿಲಕ್ಕೆ ಹೊರಗೆ ಕಾಣುವ ಹಿಂಗಾಲಿಲ್ಲ. ಆದರೂ ಎಲ್ಲವೂ ನಾಲ್ಕು ಕಾಲಿನ ಪೂರ್ವಜರಿಂದ ಬಂದವು, ಹೆಬ್ಬಾವಿನಲ್ಲಿ ಗುದದ್ವಾರದ ಪಕ್ಕ ಹಿಂಗಾಲಿನ ಪುಟ್ಟ ಉಗುರು ಇವತ್ತಿಗೂ ಇದೆ.

ಮೈಯ ಹೊದಿಕೆ ನೋಡಿ. ಕೂದಲಿದ್ದರೆ ಸಸ್ತನಿ. ಗರಿಯಿದ್ದರೆ ಪಕ್ಷಿ. ಎರಡೂ ಇಲ್ಲದೆ ಒಣ ಹುರುಪೆ ಇದ್ದರೆ ಸರೀಸೃಪ. ಚರ್ಮ ಬರಿದಾಗಿ, ಒದ್ದೆಯಾಗಿ, ಗ್ರಂಥಿಗಳಿಂದ ತುಂಬಿದ್ದರೆ ಉಭಯವಾಸಿ. ಈ ಒಂದೇ ಸಾಲಿನಿಂದ ಹತ್ತರಲ್ಲಿ ಒಂಬತ್ತು ಪ್ರಾಣಿಗಳ ಕೆಲಸ ಮುಗಿಯುತ್ತದೆ. ಗಮನಿಸಿ, ಕೂದಲು ಮತ್ತು ಗರಿಯನ್ನು ಮೊದಲು ಕೇಳಬೇಕು, ಹುರುಪೆಯನ್ನು ಆಮೇಲೆ. ಯಾಕೆಂದರೆ ಹಕ್ಕಿಯ ಕಾಲಿನ ಮೇಲೂ ಹುರುಪೆ ಇದೆ, ಚಿಪ್ಪುಹಂದಿಯ ಮೈ ತುಂಬಾ ಹುರುಪೆ ಇದೆ. ಚಿಪ್ಪುಹಂದಿಯ ಹೊಟ್ಟೆಯ ಕಡೆ ಕೂದಲು ಇರುವುದರಿಂದ ಅದು ಸಸ್ತನಿ ಅಂತ ಅಲ್ಲಿಗೇ ತೀರ್ಮಾನವಾಗುತ್ತದೆ. ಮುಳ್ಳುಹಂದಿಯ ಮುಳ್ಳು ಕೂಡ ಗಟ್ಟಿಯಾದ ಕೂದಲೇ.

ಹೊದಿಕೆಯಿಂದ ಬಂದ ಉತ್ತರವನ್ನು ಮೊಟ್ಟೆಯಿಂದ ಪರೀಕ್ಷಿಸಿ. ಉಭಯವಾಸಿಗಳ ಮೊಟ್ಟೆಗೆ ಚಿಪ್ಪಿಲ್ಲ, ಲೋಳೆ ಸುತ್ತಿರುತ್ತದೆ, ನೀರು ಅಥವಾ ತೇವ ಬೇಕೇ ಬೇಕು. ಸರೀಸೃಪ, ಪಕ್ಷಿ, ಸಸ್ತನಿ ಮೂರರಲ್ಲೂ ಭ್ರೂಣದ ಸುತ್ತ ಆಮ್ನಿಯಾನ್ ಅನ್ನುವ ಪೊರೆ ಇರುತ್ತದೆ. ಅದರೊಳಗಿನ ದ್ರವದಲ್ಲಿ ಭ್ರೂಣ ಬೆಳೆಯುತ್ತದೆ. ಹೊರಗಿನ ಕೊಳವನ್ನು ಬಿಟ್ಟು ಒಣ ನೆಲದಲ್ಲಿ ಸಂಸಾರ ಹೂಡಲು ಇವುಗಳಿಗೆ ಸಾಧ್ಯವಾದದ್ದು ಇದರಿಂದಲೇ. ಹೆರಿಗೆಗೆ ಮುಂಚೆ ಒಡೆಯುವ "ನೀರು" ಆ ಆಮ್ನಿಯಾನಿನ ದ್ರವವೇ. ನನ್ನ ಲೆಕ್ಕದಲ್ಲಿ ಕಶೇರುಕಗಳ ಕಥೆಯಲ್ಲಿ ದವಡೆ ಬಿಟ್ಟರೆ ದೊಡ್ಡ ತಿರುವು ಇದೇ, ಆದರೆ ಪಾಠಗಳಲ್ಲಿ ಹೃದಯದ ಕೋಣೆಗಳಿಗೆ ಸಿಗುವಷ್ಟು ಜಾಗ ಇದಕ್ಕೆ ಸಿಗುವುದಿಲ್ಲ.

ಹೃದಯದ ಲೆಕ್ಕವೂ ಬೇಕಾಗುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಮೀನಿಗೆ ಎರಡು ಕೋಣೆ, ಉಭಯವಾಸಿಗೆ ಮೂರು, ಸರೀಸೃಪಕ್ಕೆ ಮೂರು ಮತ್ತು ಕೆಳಗಿನ ಕೋಣೆಯಲ್ಲಿ ಅರ್ಧಂಬರ್ಧ ಗೋಡೆ, ಮೊಸಳೆಗೆ ಮಾತ್ರ ಪೂರ್ತಿ ನಾಲ್ಕು, ಪಕ್ಷಿ ಮತ್ತು ಸಸ್ತನಿಗೆ ನಾಲ್ಕು. ಮಹಾಪಧಮನಿ ಪಕ್ಷಿಗಳಲ್ಲಿ ಬಲಕ್ಕೆ ಬಾಗುತ್ತದೆ, ಸಸ್ತನಿಗಳಲ್ಲಿ ಎಡಕ್ಕೆ. ಮೈಯ ಬಿಸಿಯನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳುವುದು ಇವೆರಡರ ಗುಣ.

ಪಕ್ಷಿಯ ಬಗ್ಗೆ ಒಂದು ಎಚ್ಚರ: ಹಾರಾಟವನ್ನು ಗುರುತಾಗಿ ಬಳಸಬೇಡಿ. ಉಷ್ಟ್ರಪಕ್ಷಿ, ಕಿವಿ ಅನ್ನುವ ಹಕ್ಕಿ, ಪೆಂಗ್ವಿನ್ ಹಾರುವುದಿಲ್ಲ, ಬಾವಲಿ ಹಾರುತ್ತದೆ. ಗರಿ, ಹಲ್ಲಿಲ್ಲದ ಕೊಕ್ಕು, ಗಾಳಿ ತುಂಬಿದ ಟೊಳ್ಳು ಮೂಳೆ, ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು, ಇವನ್ನು ಹುಡುಕಿ.

ಸಸ್ತನಿಗಳಲ್ಲಿ ಹಾಲಿನ ಗ್ರಂಥಿ ಮತ್ತು ಕೂದಲು ಎರಡೂ ಖಚಿತ ಗುರುತು. ಜೊತೆಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ, ನಡುಕಿವಿಯಲ್ಲಿ ಮೂರು ಚಿಕ್ಕ ಮೂಳೆ, ಬೇರೆ ಬೇರೆ ಆಕಾರದ ಹಲ್ಲು, ಬೆಳೆದ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲದಿರುವುದು. ಕುತ್ತಿಗೆಯಲ್ಲಿ 7 ಕಶೇರು: ಇಲಿಗೂ ಏಳು, ಜಿರಾಫೆಗೂ ಏಳು. ಸ್ಲಾತ್ ಮತ್ತು ಮ್ಯಾನಟಿಗಳಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಇವುಗಳೊಳಗೆ ಮೂರು ಪಾಲು. ಮೊಟ್ಟೆ ಇಡುವ ಪ್ಲಾಟಿಪಸ್ ಮತ್ತು ಎಕಿಡ್ನಾ, ತೀರಾ ಎಳೆಯ ಮರಿ ಹೆತ್ತು ಹಾಲೂಡಿ ಬೆಳೆಸುವ ಕಾಂಗರೂ ಬಳಗ, ಮಾಸಿನ ಮೂಲಕ ಮರಿಯನ್ನು ಗರ್ಭದಲ್ಲೇ ಬಹಳ ದಿನ ಬೆಳೆಸುವ ಉಳಿದವರು. ಪ್ಲಾಟಿಪಸ್‌ನ ಒಣ ಚರ್ಮ ನೋಡಿ 1799ರಲ್ಲಿ ಅದನ್ನು ವಿವರಿಸಿದ ಜಾರ್ಜ್ ಶಾ, ಯಾರೋ ಬಾತುಕೋಳಿಯ ಕೊಕ್ಕು ಹೊಲಿದಿರಬಹುದು ಅಂತ ಅನುಮಾನಪಟ್ಟಿದ್ದರು. ಅದು ಮೊಟ್ಟೆ ಇಡುತ್ತದೆ ಅಂತ ವಿಜ್ಞಾನಿಗಳಿಗೆ ಖಚಿತವಾದದ್ದು 1884ರಲ್ಲಿ. ಅದಕ್ಕೆ ಮೊಲೆತೊಟ್ಟು ಇಲ್ಲ, ಹಾಲು ಚರ್ಮದಿಂದ ಜಿನುಗುತ್ತದೆ, ಮರಿ ನೆಕ್ಕಿಕೊಳ್ಳುತ್ತದೆ. ಕೂದಲಿದೆ, ಹಾಲಿದೆ, ಹಾಗಾಗಿ ಸಸ್ತನಿ. ಇದರಲ್ಲಿ ಎರಡು ಮಾತಿಲ್ಲ.

ಒಂದು ಕಷ್ಟದ ಲೆಕ್ಕ ಬಿಡಿಸೋಣ

ಉದ್ದನೆಯ, ಕಾಲಿಲ್ಲದ, ನುಣುಪಾದ ಪ್ರಾಣಿ ಎದುರಿಗಿದೆ ಅಂದುಕೊಳ್ಳಿ. ಎರೆಹುಳ, ಹ್ಯಾಗ್‌ಫಿಶ್, ಹಾವುಮೀನು, ಸಿಸಿಲಿಯನ್, ಹಾವು, ಕಾಲಿಲ್ಲದ ಹಲ್ಲಿ, ಆರರಲ್ಲಿ ಯಾವುದೂ ಆಗಬಹುದು. ಕಣ್ಣಳತೆಯಲ್ಲಿ ಹೇಳಲು ಹೋದರೆ ಖಂಡಿತ ಎಡವುತ್ತೀರಿ. ಕ್ರಮದಲ್ಲಿ ಹೋಗಿ. ಬೆನ್ನುಮೂಳೆ ಇಲ್ಲ, ಗುದದ್ವಾರ ಕಟ್ಟಕಡೆಗಿದೆ, ನರಹುರಿ ಹೊಟ್ಟೆಯ ಕಡೆಗಿದೆ: ಎರೆಹುಳ. ತಲೆಬುರುಡೆ ಇದೆ, ದವಡೆ ಇಲ್ಲ: ಹ್ಯಾಗ್‌ಫಿಶ್. ದವಡೆ ಇದೆ, ಕಿವಿರೂ ಈಜುರೆಕ್ಕೆಯೂ ಇವೆ: ಹಾವುಮೀನು. ಚರ್ಮ ಒದ್ದೆಯಾಗಿದೆ, ಉಂಗುರದ ಹಾಗೆ ಮಡಿಕೆಗಳಿವೆ, ಕಣ್ಣು ಇದ್ದೂ ಇಲ್ಲದಂತಿದೆ: ಸಿಸಿಲಿಯನ್, ಕಪ್ಪೆಯ ಬಳಗದ್ದು, ಇಕ್ತಿಯೋಫಿಸ್ ಇದಕ್ಕೆ ಉದಾಹರಣೆ. ಇನ್ನುಳಿದದ್ದು ಒಣ ಹುರುಪೆಯ ಎರಡು ಸರೀಸೃಪ. ಕಣ್ಣು ಮಿಟುಕಿಸಿದರೆ, ಕಿವಿಯ ರಂಧ್ರ ಕಂಡರೆ ಬಹುತೇಕ ಅದು ಕಾಲಿಲ್ಲದ ಹಲ್ಲಿ. ಹಾವಿಗೆ ಅಲುಗುವ ರೆಪ್ಪೆಯೂ ಇಲ್ಲ, ಕಿವಿಯ ರಂಧ್ರವೂ ಇಲ್ಲ. ಒಂದು ಮಾತು, ಜೀವಂತ ಹಾವಿನ ಮೇಲೆ ಈ ಪರೀಕ್ಷೆ ಮಾಡಲು ಹತ್ತಿರ ಹೋಗಬೇಡಿ, ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೂ ರೆಪ್ಪೆ ಗೊತ್ತಾಗುತ್ತದೆ.

ಇದೇ ರೀತಿ ನೀರಿನಲ್ಲಿ ದೊಡ್ಡ ಪ್ರಾಣಿ ಕಂಡರೆ ಬಾಲ ನೋಡಿ. ಮೀನಿನ ಬಾಲ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಬೀಸುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ಬಾಲ ಮಲಗಿರುತ್ತದೆ, ಮೇಲೆ ಕೆಳಗೆ ಬೀಸುತ್ತದೆ. ವೇಲ್ ಶಾರ್ಕ್ ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಬಾಲ ನಿಂತಿದೆ, ಕಿವಿರು ಸೀಳಿದೆ, ಅದು ಮೀನೇ. ಕಡಲಕುದುರೆಯೂ ಮೂಳೆ ಮೀನು.

ಪಠ್ಯದ ವರ್ಗಗಳೂ ಈಗಿನ ವಂಶವೃಕ್ಷವೂ

ಮೇಲಿನ ವರ್ಗಗಳು ಕೆಲಸಕ್ಕೆ ಬರುತ್ತವೆ, ಪರೀಕ್ಷೆಗೂ ಇವೇ ಬೇಕು. ಆದರೆ ಈಗ ಪ್ರಾಣಿಶಾಸ್ತ್ರದವರು ಗುಂಪು ಮಾಡುವುದು ನೆಂಟಸ್ತಿಕೆಯನ್ನು ನೋಡಿ: ಒಬ್ಬ ಪೂರ್ವಜ ಮತ್ತು ಅವನ ವಂಶದವರೆಲ್ಲ ಒಂದೇ ಗುಂಪಿನಲ್ಲಿರಬೇಕು. ಹಾಗೆ ನೋಡಿದರೆ ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರ. ಮೊಸಳೆಯ ನಾಲ್ಕು ಕೋಣೆಯ ಹೃದಯ ಈಗ ಅಷ್ಟು ಆಶ್ಚರ್ಯ ಅನ್ನಿಸುವುದಿಲ್ಲ, ಅಲ್ವಾ? ಡೈನೋಸಾರ್‌ಗಳ ಒಂದು ಕವಲೇ ಹಕ್ಕಿಗಳಾಗಿ ಉಳಿದಿದೆ. 1861ರಲ್ಲಿ ಜರ್ಮನಿಯಲ್ಲಿ ಹೆಸರು ಪಡೆದ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆಯಲ್ಲಿ ಗರಿಯೂ ಇದೆ, ಹಲ್ಲೂ ಇದೆ, ಮೂಳೆಯ ಉದ್ದ ಬಾಲವೂ ಇದೆ. ಹಾಗಾಗಿ ಹಕ್ಕಿಗಳನ್ನು ಹೊರಗಿಟ್ಟು ಸರೀಸೃಪ ಅನ್ನುವ ಗುಂಪು ಮಾಡುವುದು ನೆಂಟಸ್ತಿಕೆಯ ಲೆಕ್ಕದಲ್ಲಿ ಅಪೂರ್ಣ. ಮೀನು ಅನ್ನುವ ಗುಂಪಿಗೂ ಇದೇ ತೊಡಕು, ಶ್ವಾಸಕೋಶ ಮೀನು ಶಾರ್ಕಿಗಿಂತ ನಮಗೇ ಹತ್ತಿರ. ಎರಡನ್ನೂ ತಿಳಿದಿರಿ. ಪ್ರಶ್ನೆಪತ್ರಿಕೆ ವರ್ಗ ಕೇಳಿದರೆ ವರ್ಗ ಬರೆಯಿರಿ, ಯಾವುದಕ್ಕೆ ಯಾವುದು ಹತ್ತಿರ ಅಂತ ಕೇಳಿದರೆ ವಂಶವೃಕ್ಷ ಬರೆಯಿರಿ.

ಬರೀ ತಲೆಬುರುಡೆ ಸಿಕ್ಕಿದರೆ

ಕೂದಲು, ಗರಿ, ಮೊಟ್ಟೆ ಯಾವುದೂ ಇಲ್ಲ, ಒಂದು ಒಣ ಬುರುಡೆ ಮಾತ್ರ ಸಿಕ್ಕಿದೆ ಅನ್ನಿ. ಅದನ್ನು ತಿರುಗಿಸಿ ಹಿಂಭಾಗ ನೋಡಿ. ನರಹುರಿ ಹೊರಬರುವ ದೊಡ್ಡ ರಂಧ್ರದ ಅಂಚಿನಲ್ಲಿ, ಕುತ್ತಿಗೆಯ ಮೊದಲ ಕಶೇರುವಿಗೆ ಕೂರುವ ಗುಬುಟು ಇರುತ್ತದೆ. ಒಂದೇ ಇದ್ದರೆ ಸರೀಸೃಪ ಅಥವಾ ಪಕ್ಷಿ, ಕೊಕ್ಕು ನೋಡಿ ಬೇರ್ಪಡಿಸಿ. ಆಮೆಗೂ ಹಲ್ಲಿಲ್ಲದ ಕೊಕ್ಕಿರುವುದರಿಂದ ಬುರುಡೆಯ ತೂಕವನ್ನೂ ನೋಡಿ, ಹಕ್ಕಿಯದು ಬಹಳ ಹಗುರ, ತೆಳು. ಎರಡು ಗುಬುಟು ಇದ್ದರೆ ಉಭಯವಾಸಿ ಅಥವಾ ಸಸ್ತನಿ. ಆಗ ಕೆಳದವಡೆ ಹುಡುಕಿ: ಪ್ರತಿ ಪಕ್ಕಕ್ಕೆ ಒಂದೇ ಮೂಳೆಯಿಂದ ಆಗಿದ್ದರೆ ಸಸ್ತನಿ, ಹಲವು ಮೂಳೆಗಳು ಸೇರಿ ಆಗಿದ್ದರೆ ಉಭಯವಾಸಿ. ಸಸ್ತನಿಗಳ ಪೂರ್ವಜರಲ್ಲೂ ದವಡೆಗೆ ಹಲವು ಮೂಳೆಗಳಿದ್ದವು, ಕೀಲಿನ ಜಾಗದ ಎರಡು ಮೂಳೆಗಳು ಕಾಲಕ್ರಮೇಣ ಚಿಕ್ಕದಾಗಿ ನಡುಕಿವಿಗೆ ಸೇರಿಕೊಂಡವು. ಮೇಲೆ ಹೇಳಿದ ಕಿವಿಯ ಮೂರು ಮೂಳೆಗಳಲ್ಲಿ ಎರಡು ಅವೇ. ಹಲ್ಲುಗಳು ಉಳಿದಿದ್ದರೆ ಅವನ್ನೂ ನೋಡಿ, ಮುಂದೆ ಕಚ್ಚುವುದು, ಪಕ್ಕದಲ್ಲಿ ಕೋರೆ, ಹಿಂದೆ ಅರೆಯುವುದು ಅಂತ ಬೇರೆ ಬೇರೆಯಾಗಿದ್ದರೆ ಸಸ್ತನಿ ಅನ್ನುವುದು ಇನ್ನಷ್ಟು ಗಟ್ಟಿಯಾಗುತ್ತದೆ. ಎಲ್ಲ ಹಲ್ಲೂ ಒಂದೇ ಆಕಾರದ ಮೊಳೆಗಳಾಗಿದ್ದರೆ ತಕ್ಷಣ ಸರೀಸೃಪ ಅಂತ ಬರೆಯಬೇಡಿ, ಡಾಲ್ಫಿನ್‌ನ ಹಲ್ಲುಗಳೂ ಹಾಗೇ ಇರುತ್ತವೆ, ಮತ್ತೆ ಬುರುಡೆಯ ಹಿಂಭಾಗಕ್ಕೆ ಹೋಗಿ ಗುಬುಟು ಒಂದೋ ಎರಡೋ ಅಂತ ಎಣಿಸಿ.